ಬಾಣಂತಿಯ ನೀರು ಕುಡಿದ ಅಂಜೂರ

ಬಿಸಿಲೂರು, ಇಸವಿ ೨೨೪೭, ಹದಿಮೂರನೆಯ ತಿಂಗಳ ಮೊದಲ ಸೋಮವಾರ

ಇನ್ನೂರು ವರ್ಷ ಹಿಂದಿರುವ ನಮ್ಮ ಹಿರಿಯರಿಗೆ, ಶರಣು.

ಈ ಕತೆಯನ್ನು ಮೊದಲು ಹೇಳಿದವಳು ನಮ್ಮೂರ ಸೂಲಗಿತ್ತಿ ಮಾಬುಬಿ. ಹೋದ ಚಳಿಗಾಲದ ಒಂದು ಸಂಜೆ ಬಾವಿಕಟ್ಟೆಯ ಮೇಲೆ ಹೇಳಿದಳು. ಅದನ್ನೇ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಹೊಟ್ಟೆಗೆ ಹಾಕಿಕೊಳ್ಳಿ.

ಹದಿಮೂರನೆಯ ತಿಂಗಳು ಯಾವುದೆಂದು ಕೇಳುತ್ತೀರಿ. ಮಳೆಗಾಲ ಹಿಂದೆ ಮುಂದೆ ಸರಿದಾಡತೊಡಗಿದ ಮೇಲೆ ಪಂಚಾಂಗದವರು ಒಂದು ತಿಂಗಳು ಸೇರಿಸಿ ನೋಡಿದರು. ಆದರೂ ಹೊಂದಲಿಲ್ಲ. ಆಗ ನಮ್ಮ ಜನ ತಾರೀಖನ್ನು ಕಾಗದದ ತಲೆಗಷ್ಟೇ ಉಳಿಸಿ ಹಿತ್ತಲ ಗಿಡಗಳನ್ನು ನಂಬಿದರು. ‘ನಿಮ್ಮ ಮನೆಯ ಪೇರಲ ಹಣ್ಣಾದಾಗ ಮದುವೆ’, ‘ನಮ್ಮ ಹೀರೆ ಬಲಿತಾಗ ಗೋಡೆ ಕಟ್ಟೋಣ’ ಎಂದು ಮಾತಾಗುತ್ತದೆ. ಇದಕ್ಕೆ ಹಣ್ಣುಮಾತು ಎನ್ನುತ್ತೇವೆ. ಹಣ್ಣುಮಾತು ಕೊಟ್ಟವರು ತಪ್ಪುವುದಿಲ್ಲ. ಮೊದಲ ಹಣ್ಣು ಕಂಡ ದಿನ ಗಿಡದ ಮನೆಯವರು ಬಾಗಿಲಿಗೆ ಹಸಿರು ಅರಿವೆ ಕಟ್ಟಬೇಕು, ಇನ್ನೊಂದು ಮನೆಯವರಿಗೆ ಹೇಳಿಕಳಿಸಬೇಕು.

ಮಾಬುಬಿ ಕತೆ ಹೇಳಿದ್ದಕ್ಕೆ ಒಂದು ವರ್ಷ ಮೊದಲು, ನಮ್ಮ ಓಣಿಯ ಹಾಲವ್ವ ಮಗಳು ಗಿರಿಜೆಯನ್ನು ಚೊಚ್ಚಲ ಹೆರಿಗೆಗೆ ಕರೆತಂದಳು. ಕಳಿಸಿಕೊಡುವಾಗ ಗಿರಿಜೆಯ ಅತ್ತೆ ಅಂಬ್ರವ್ವ, ಹಾಲವ್ವನ ಹಿತ್ತಲ ಅಂಜೂರ ಹಣ್ಣಾದಾಗ ಸೊಸೆಯನ್ನೂ ಕೂಸನ್ನೂ ಕರೆದೊಯ್ಯಲು ಬರುತ್ತೇನೆ ಎಂದು ಹಣ್ಣುಮಾತು ಕೊಟ್ಟಳು. ಹಾಲವ್ವನ ಅಂಜೂರ ಬೇಸಿಗೆ ಏರುವ ಮೊದಲು ಹಣ್ಣಾದದ್ದೇ ಇಲ್ಲ. ಅಷ್ಟರಲ್ಲಿ ಕೂಸು ಕೂರಲು ಕಲಿತಿರುತ್ತದೆ, ಮಗಳ ಮೈಯೂ ಗಟ್ಟಿಯಾಗಿರುತ್ತದೆ ಎಂದು ಹಾಲವ್ವ ನೆಮ್ಮದಿಯಿಂದಿದ್ದಳು.

ಚಳಿ ಬಿದ್ದಾಗ ಹೆಣ್ಣುಕೂಸು ಹುಟ್ಟಿತು. ಬಾಣಂತಿಯ ನೀರೆಂದರೆ ಹಾಲವ್ವನದೇ ನೀರು. ಮಾಳಿಗೆಯ ಮೇಲೆ ಬಿಸಿಲುಹಂಡೆ ಇದೆ. ಗಾಜಿನ ಹೊಟ್ಟೆಯ ಈ ಹಂಡೆ ಕಟ್ಟಿಗೆಯಿಲ್ಲದೆ ಬಿಸಿಲಲ್ಲೇ ನೀರು ಕುದಿಸುತ್ತದೆ. ಕಟ್ಟಿಗೆಯ ಚಿಂತೆಯಿಲ್ಲದ ಮೇಲೆ ಕೈ ತಡೆಯುವವರು ಯಾರು? ಎಣ್ಣೆ ಹಚ್ಚಿ, ಬೆನ್ನು ಕೆಂಪಾಗುವ ತನಕ ಎರೆಯುವಳು. ಬಚ್ಚಲ ನೀರು ಹಬೆಯಾಡುತ್ತ ಕಾಲುವೆಯಲ್ಲಿ ಹಿತ್ತಲಿಗೆ ಹರಿದು ಅಂಜೂರದ ಬುಡದಲ್ಲಿ ಇಂಗುತ್ತಿತ್ತು.

ಒಂದು ಬೆಳಿಗ್ಗೆ ಹಾಲವ್ವ ಮೇಲೆ ನೋಡಿದಳು. ಬಟಾಣಿಯಷ್ಟಿರಬೇಕಾದ ಕಾಯಿಗಳು ನಿಂಬೆಗಾತ್ರವಾಗಿ ಕೆಂಪು ತಿರುಗುತ್ತಿದ್ದವು. ಬುಡಕ್ಕೆ ಹೋಗಿ ನಿಂತರೆ ಅಂಗಾಲಿಗೆ ನೆಲ ಬೆಚ್ಚಗೆ ತಾಗಿತು. ಆಗ ತಿಳಿಯಿತು. ಮಗಳ ಮೈಗೆ ಎರೆದ ಒಂದೊಂದು ತಂಬಿಗೆಯೂ ಮಗಳನ್ನು ಗಂಡನ ಮನೆಗೆ ಅಟ್ಟುತ್ತಿತ್ತು.

ನೀರು ಕಡಿಮೆ ಮಾಡೋಣವೆಂದರೆ ಮಾಬುಬಿ ಬೈದಳು. ಹಾಲವ್ವ ಕಾಲುವೆ ಮುಚ್ಚಿ, ಬಚ್ಚಲ ನೀರನ್ನು ಕೊಡದಲ್ಲಿ ಹೊತ್ತು ಹಿತ್ತಲ ಆಚೆಯ ತುದಿಗೆ ಸುರಿದಳು. ಅಲ್ಲಿ ಬದನೆಯೂ ಟೊಮೆಟೊವೂ ಇದ್ದವು. ವಾರ ಕಳೆಯುವುದರೊಳಗೆ ಟೊಮೆಟೊ ಕೆಂಪಾಗಿ ನೆಲಕ್ಕೆ ಬಾಗಿದವು, ಬದನೆ ಬಲಿತು ಹಳದಿಯಾದವು. ಬೇಲಿಯಾಚೆಯಿಂದ ನೆರೆಮನೆಯ ಸಂಗವ್ವ ಇಣುಕಿ ನೋಡಿದಳು.

“ಹಾಲವ್ವಕ್ಕ, ಊರ ತುಂಬ ಹೂ ಬಿಟ್ಟಿಲ್ಲ, ನಿನ್ನ ಬದನಿಕಾಯಿ ಆಗ್ಲೇ ಮುದುಕಿ ಆಗ್ಯಾವಲ್ಲ. ಅವಕ್ಕೂ ಎಣ್ಣಿ ಹಚ್ಚಿ ಎರೀತೀ ಏನು?”

ಇಷ್ಟಾದರೂ ಅಂಜೂರ ನಿಲ್ಲಲಿಲ್ಲ. ಹೊಟ್ಟೆ ತುಂಬಿಕೊಂಡ ಕಾಯಿ ಹಿಂದಕ್ಕೆ ಹೋಗುತ್ತದೆಯೇ? ಮೊದಲ ಹಣ್ಣು ಮೆತ್ತಗಾದ ದಿನ ಹಾಲವ್ವ ಅದಕ್ಕೆ ಅರಿವೆ ಸುತ್ತಿ ಬಚ್ಚಿಟ್ಟಳು. ಆ ದಿನ ಅವಳಿಗೆ ಊಟ ಸೇರಲಿಲ್ಲ. ಮರುದಿನ ಆ ಅರಿವೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು, ಹಸಿರು ಅರಿವೆಯನ್ನು ಬಾಗಿಲಿಗೆ ಕಟ್ಟಿದಳು, ಬೀಗರೂರಿಗೆ ಹೇಳಿಕಳಿಸಿದಳು.

ಅಂಬ್ರವ್ವ ಗಾಳಿಬಂಡಿಯಲ್ಲಿ ಬಂದಿಳಿದಳು. ಹಾಯಿಪಟ ಕಟ್ಟಿದ ಚಕ್ಕಡಿಗೆ ನಾವು ಹಾಗೆನ್ನುತ್ತೇವೆ. ಹೆಂಗಸು ಖಡಕ್, ಮಾತು ಕಡಿಮೆ. ಕೈಕಾಲು ತೊಳೆದು, ಹಣ್ಣು ಸೀಳಿ, ಅರ್ಧ ಬೀಗತಿಗೆ ಕೊಟ್ಟು ಅರ್ಧ ತಾನು ತಿಂದಳು. ಸಿಹಿಯಾಗಿದೆ ಎಂದಳು. ಒಳಗೆ ಹೋಗಿ ಸೊಸೆಯ ಬಿಳಿಚಿದ ಮುಖ ನೋಡಿದಳು. ಕೂಸನ್ನೆತ್ತಿದರೆ ಗೋಣು ಇನ್ನೂ ವಾಲುತ್ತಿತ್ತು. ಹಾಲವ್ವ ಮಗಳ ಗಂಟು ಕಟ್ಟುತ್ತಿದ್ದಳು. ಕೂಸಿನ ಕುಂಚಿಗೆ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಅಂಬ್ರವ್ವ ಅದನ್ನು ನೋಡಿ, ಗೋಡೆಗೆ ಒರಗಿ ಕೂತು ಕಾಲು ಚಾಚಿದಳು.

“ಹಣ್ಣಾದಾಗ ಬರ್ತೀನಿ ಅಂದಿದ್ದೆ, ಬಂದೀನಿ. ಹೊಳ್ಳಿ ಯಾವಾಗ ಹೋಗ್ತೀನಿ ಅಂತ ಯಾರರ ಕೇಳಿದ್ರೇನು? ಗಂಟು ಬಿಚ್ಚವಾ ಬೀಗತಿ. ಕೂಸಿನ ಗೋಣು ನಿಲ್ಲೂತನಕ ನಾನೂ ಇಲ್ಲೇ ಉಣ್ಣಾಕಿ.”

ಹಾಲವ್ವ ಗಂಟಿನ ಮೇಲೆಯೇ ಕೂತು ಅತ್ತಳಂತೆ, ನಕ್ಕಳಂತೆ. ಕೂಸು ಕೂರುವ ತನಕ ಇಬ್ಬರೂ ಕೂಡಿ ಎರೆದರು. ನೀರು ಕಾದಿಲ್ಲವೆಂದು ಒಬ್ಬಳು, ಚರ್ಮ ಸುಲಿಯುತ್ತದೆಂದು ಇನ್ನೊಬ್ಬಳು ದಿನಾ ಜಗಳವಾಡಿದರು. ನಡುವೆ ಗಿರಿಜೆ ಅಂಜೂರ ತಿಂದು ದುಂಡಗಾದಳು.

ಹಿರಿಯರೇ, ನಿಮ್ಮ ಕಾಲದಲ್ಲಿ ಯಾವ ಹಣ್ಣು ಬೇಕಾದರೂ ಯಾವಾಗ ಬೇಕಾದರೂ ಅಂಗಡಿಯಲ್ಲಿ ಸಿಗುತ್ತಿತ್ತಂತೆ. ಹಾಗಿದ್ದರೂ ಹಿತ್ತಲಲ್ಲಿ ಒಂದು ಗಿಡ ಇಡಿ, ಅದರ ಬೀಜ ನಮಗೆ ಉಳಿಸಿ. ಕೇಳುವುದು ಇಷ್ಟೇ.

ಆ ಸಂಜೆ ಮಾಬುಬಿ ಕತೆ ಮುಗಿಸಿದಾಗ ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕು ಮನೆಗೆ ಹೋದರು. ಮರುದಿನ ಬೆಳಕು ಹರಿದಾಗ, ಮನೆಯಲ್ಲಿ ಬಾಣಂತಿ ಮಗಳಿದ್ದವರು ಗುದ್ದಲಿ ಹಿಡಿದು ಬಚ್ಚಲ ಕಾಲುವೆಯನ್ನು ಹಣ್ಣಿನ ಗಿಡದಿಂದ ದೂರಕ್ಕೆ ತಿರುಗಿಸುತ್ತಿದ್ದರು. ಬೀಗರ ಹಿತ್ತಲ ಪೇರಲ ಹಣ್ಣಾದಾಗ ಕರೆತರುವೆನೆಂದು ಸೊಸೆಯನ್ನು ತವರಿಗೆ ಕಳಿಸಿದ್ದ ಸಂಗವ್ವ ಮಾತ್ರ ಮನೆಯ ಬಿಸಿಲುಹಂಡೆಯನ್ನು ಗಾಳಿಬಂಡಿಗೆ ಹೇರಿಸಿ, ಬಾಣಂತಿಗೆ ನೀರು ಸಾಲದೇನೋ ಎಂದು ಬೀಗರೂರಿನ ದಾರಿ ಹಿಡಿದಿದ್ದಳು.