ಮೈನಸ್ ಎಂಬತ್ತು

ಅಕ್ಟೋಬರ್ 10, ಗುರುವಾರ, ಸಂಜೆ

ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಐದನೇ ಕ್ಲಾಸಿಗೇ ಬಿಟ್ಟವಳು. ಪುಸ್ತಕವೇ, ಸಹಿಸಿಕೋ.

ಲ್ಯಾಬಿನಲ್ಲಿ ಇವತ್ತು ಆಯುಧಪೂಜೆ. ನೆಲ ಒರೆಸಿದೆ. ಮಿಷನ್‌ಗಳಿಗೆಲ್ಲ ಬೊಟ್ಟಿಟ್ಟೆ. ದೊಡ್ಡ ಫ್ರೀಜರ್‌ಗೆ ಸೇವಂತಿಗೆ ಹಾರ. ಅದರೊಳಗೆ ಎಂಜೈಮ್ ಇದೆ. ಮನುಷ್ಯರ ಮೈಯಲ್ಲಿರುವುದೇ ಅಂತೆ, ಇಲ್ಲಿ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಬೆರಳುದ್ದವೂ ಇಲ್ಲದ ಸೀಸೆ, ತಳದಲ್ಲಿ ನೀರಿನಂಥ ಹನಿ. “ಔಷಧಿ ಅಲ್ಲಮ್ಮ, ಸಂಶೋಧನೆ ಮಾಡೋರಿಗೆ ಮಾತ್ರ,” ಅಂದಿದ್ದರು ಉಷಾರಾಣಿ ಮೇಡಂ.

ನಮ್ಮ ಗುಮ್ಮಳಾಪುರದಲ್ಲಿ ಪೂಜೆಯಾದ ಮೋಟರು ಓಡಿಸುವುದಿಲ್ಲ. ಎಲ್ಲರೂ ಹೋದ ಮೇಲೆ ಒಂದೊಂದೇ ಸ್ವಿಚ್ ಆಫ್ ಮಾಡಿದೆ. ಮೂರು ದಿನ ರಜೆ. ಅವೂ ಮಲಗಲಿ.

ಅಕ್ಟೋಬರ್ 14, ಸೋಮವಾರ

ಆರು ಗಂಟೆಗೆ ಹೋದೆ. ಫ್ರೀಜರ್ ಕೆಳಗೆ ನೀರು. ಆಗ ಅರ್ಥವಾಯಿತು... ಅದು ಮಲಗಬಾರದ ಮಿಷನ್. ಸ್ವಿಚ್ ಹಾಕಿದೆ. ನೀರು ಒರೆಸಿದೆ. ಒಳಗೆ ಎಷ್ಟು ತಂಪಿದೆ ಅಂತ ತೋರಿಸುವ ನಂಬರಿನ ಮೇಲೇ ಹಾರ ನೇತಾಡುತ್ತಿತ್ತು. ತೆಗೆಯಲಿಲ್ಲ.

ಮೇಡಂ ಬಂದು ರಿಜಿಸ್ಟರ್ ನೋಡಿದರು. ಮೂರು ದಿನವೂ ಮೈನಸ್ ಎಂಬತ್ತು ಡಿಗ್ರಿ, ಎಂಜೈಮ್ ಕೆಡದಿರಲು ಬೇಕಾದಷ್ಟೇ ತಂಪು. ಬಾಗಿಲ ಗಾಜಿನಿಂದ ಇಣುಕಿ ಅದನ್ನು ಬರೆಯುವುದು ವಾಚ್‌ಮನ್ ನಾರಾಯಣಸ್ವಾಮಿ ಮಾವ. ನನಗೆ ಈ ಕೆಲಸ ಕೊಡಿಸಿದವರು.

ಹೇಳಬೇಕೆಂದು ಎರಡು ಸಲ ಮೇಡಂ ಹತ್ತಿರ ಹೋದೆ. ಎರಡು ಸಲವೂ ಕಸದಬುಟ್ಟಿ ಎತ್ತಿಕೊಂಡು ಬಂದೆ.

ನವೆಂಬರ್ 19, ಮಂಗಳವಾರ

ಲ್ಯಾಬಿನಿಂದ ಹೊರಗೆ ಕಳಿಸಿದ ಎಂಜೈಮ್ ಸತ್ತಿತ್ತಂತೆ. ಎಲ್ಲೋ ಒಬ್ಬ ಓದುವ ಹುಡುಗಿಯ ಒಂದು ತಿಂಗಳ ಕೆಲಸ ಹಾಳು. ಫ್ರೀಜರ್ ತನ್ನಷ್ಟಕ್ಕೇ ಬರೆದಿಡುವ ದಾಖಲೆ ತೆಗೆದು ನೋಡಿದರು. ಪೂಜೆಯ ಮೂರು ದಿನ ಖಾಲಿ. ಮಾವನನ್ನು ಕರೆಸಿದರು.

“ಕನಸಲ್ಲಿ ನೋಡಿ ಬರೆದ್ರಾ ಸ್ವಾಮಿ?” ಅಂದರು ಮೇಡಂ.

“ಹಾರ ಅಡ್ಡ ಇತ್ತು ಮೇಡಂ. ಯಾವಾಗ್ಲೂ ಎಂಬತ್ತೇ ಅಲ್ವಾ ಅಂತ...”

“ಬೀಗದ ಕೈ ನಿಮ್ಮತ್ರಾನೇ ಇತ್ತು. ಫೋನ್ ಚಾರ್ಜಿಗೆ ಹಾಕೋಕೆ ಆಫ್ ಮಾಡಿದ್ರಾ?”

“ನಾನು ಮುಟ್ಟಿಲ್ಲ.”

ಯಾರೂ ನಂಬಲಿಲ್ಲ. ನಾಳೆಯಿಂದ ಬರಬೇಡಿ ಅಂದರು. ಪೊರಕೆ ಹಿಡಿದು ನಾನು ಅಲ್ಲೇ ಇದ್ದೆ.

ನವೆಂಬರ್ 21, ಗುರುವಾರ

ಮೂಕಂಡಪಲ್ಲಿಗೆ, ಮಾವನ ಮನೆಗೆ ಹೋದೆ. ಅವರೇ ಅಂದರು, “ಅವತ್ತು ಕೊನೇಲಿ ಹೊರಗ್ಬಂದೋಳು ನೀನು, ಆಫ್ ಮಾಡಿದ್ದು ನೀನೇ ಅಂತ ಗೊತ್ತು ಕಣಮ್ಮ. ನಾನಾದ್ರೂ ಒಳಗೋಗಿ ಹಾರ ಸರಿಸಿ ನೋಡ್ಬೇಕಿತ್ತು. ಇಬ್ರೂ ಯಾಕೆ ಕೆಲ್ಸ ಕಳ್ಕೊಬೇಕು? ಬಾಯ್ಮುಚ್ಕೊಂಡಿರು.”

ಗಂಗರತ್ನಮ್ಮ ಅತ್ತೆ ಕಾಫಿ ತರುತ್ತಿದ್ದವರು ನಿಂತರು. “ನೀನಾ?” ಅಂದರು. ಲೋಟ ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು.

ನವೆಂಬರ್ 25, ಸೋಮವಾರ

ಹೇಳಿಬಿಟ್ಟೆ.

ಮೇಡಂ ರಿಜಿಸ್ಟರ್ ತೆಗೆದು ಅಕ್ಟೋಬರ್ ಪುಟ ನೋಡಿದರು. ಆಮೇಲೆ, “ಅವತ್ತೇ ಹೇಳಿದ್ರೆ ಒಂದು ಸೀಸೇನೂ ಕಳಿಸ್ತಿರ್ಲಿಲ್ಲ ನಾನು.”

ಮಾವನನ್ನು ವಾಪಸ್ ಕರೆಸಿ ಅಂದೆ.

“ಸುಳ್ಳು ನಂಬರ್ ಬರೆದಿದ್ದು ಅವರೇ ತಾನೆ?”

ಐಡಿ ಕಾರ್ಡ್ ಬಿಚ್ಚಿ ಕೊಟ್ಟು ಬಂದೆ.

ನವೆಂಬರ್ 26, ಬೆಳಗ್ಗೆ

ಐದಕ್ಕೇ ಎಚ್ಚರ. ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿದೆ. ಮುಚ್ಚಳ ಹಾಕಿದ ಮೇಲೆ ನೆನಪಾಯಿತು, ಹೋಗಲು ಕೆಲಸವಿಲ್ಲ. ಡಬ್ಬಿ ಹಿಡಿದು ಮಾವನ ಮನೆಗೆ ಹೋದೆ. ಅತ್ತೆ ಬಾಗಿಲು ತೆರೆದರು. ಡಬ್ಬಿ ತೆಗೆದುಕೊಂಡರು. ಒಳಗೆ ಬಾ ಅನ್ನಲಿಲ್ಲ.