ಫ್ರಾನ್ಸಿನ ಮಗ್ಗದ ಮುಂದೆ ನಿಂತು

ರುತುಜಾನ ಅಪ್ಪಾವರಿಗೆ ಅನ್ನವ್ವನ ಶರಣು.

ಕೊನೆಗೂ ಫ್ರಾನ್ಸಿಗೆ ಬಂದೆ. ಬಟ್ಟೆ ಪ್ರದರ್ಶನಕ್ಕೆಂದು ಹೊರಟ ರುತುಜಾ ನನ್ನ ಮಗಳಲ್ಲವೇ, ನನ್ನನ್ನೂ ಎಳೆದುಕೊಂಡು ಬಂದಳು. ಬರಬೇಕಾಗಿದ್ದವರು ನೀವು. "ಅವರ ಹಳೇ ಮಗ್ಗ ಒಮ್ಮೆ ನೋಡಬೇಕು ನೋಡ" ಎಂದು ಎಷ್ಟು ಸಲ ಹೇಳಿದ್ದಿರಿ! ನಮ್ಮೂರು ಇಚಲಕರಂಜಿ ದಾಟಬೇಕೆಂದರೆ ಹತ್ತು ಸಲ ಯೋಚಿಸುವ ಮನುಷ್ಯನಿಗೆ ಆಸೆ ಮಾತ್ರ ಇಷ್ಟು ದೂರದ್ದು.

ಗುಡ್ಡದ ಮೇಲೆ ನೇಕಾರರು ಕಟ್ಟಿಕೊಂಡ ಹಳ್ಳಿ ಇದು. ಕಲ್ಲಿನ ಮನೆಗಳು, ಹೊಳೆಯ ಗುಂಡುಕಲ್ಲು ಹಾಸಿದ ಓಣಿ, ಕೆಳಗೆ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ. ನೀವಿದ್ದರೆ ಗೋಡೆ ತಟ್ಟಿ ನೋಡಿ, "ಇದು ಏಳುನೂರು ವರ್ಷ ನಿಂತೈತಿ, ನಮ್ಮ ಗೋಡಿ ಏಳು ವರ್ಷಕ್ಕ ಬಿರಕ ಬಿಟ್ಟೈತಿ" ಎಂದು ಗುತ್ತಿಗೆದಾರನನ್ನು ಬೈಯುತ್ತಿದ್ದಿರಿ. ನಿಮ್ಮ ಪರವಾಗಿ ನಾನೇ ಬೈದೆ, ರುತುಜಾ ನಕ್ಕಳು. ಊರು ಚಂದ, ಆದರೆ ತೀರಾ ಸುಮ್ಮನಿದೆ. ನೀವು ಹೋದಮೇಲೆ ನನಗೆ ಸದ್ದಿಲ್ಲದ ಜಾಗ ಕಂಡರೆ ಆಗುವುದಿಲ್ಲ.

ಗಡಹಿಂಗ್ಲಜದಿಂದ ಲಗ್ನವಾಗಿ ಬಂದಾಗ ನಮ್ಮ ಮಗ್ಗದ ಶೆಡ್ಡಿನ ಸದ್ದಿಗೆ ತಲೆ ಸಿಡಿಯುತ್ತಿತ್ತು. ದನಿ ಬೇಡ, ತುಟಿ ಅಲುಗಿಸಿದರೆ ಸಾಕು ಎಂದು ಕಲಿಸಿದವರು ನೀವೇ. ಮಧ್ಯಾಹ್ನ ಆ ತುದಿಯ ಮಗ್ಗದಿಂದ ಹುಬ್ಬು ಏರಿಸಿ ಕೇಳುತ್ತಿದ್ದಿರಿ: "ಊಟ ಆತೇನ?" ನಾನು ಹೂಂ ಎಂದು ತಲೆ ಆಡಿಸುವವರೆಗೆ ನಿಮ್ಮ ಡಬ್ಬಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಒಂದು ಮೆಲುಮಾತು ಆಡಿದವರಲ್ಲ ನೀವು. ನಮ್ಮ ಸಂಸಾರದ ಮೆಲುಮಾತೆಲ್ಲ ಆ ಗದ್ದಲದಲ್ಲೇ ಆಯಿತು.

ಹೋದ ವರ್ಷ ಕೊಲ್ಹಾಪುರದ ಆಸ್ಪತ್ರೆಯಲ್ಲಿ ನನಗೆ ನಿಮ್ಮ ತುಟಿ ಕಾಣಲಿಲ್ಲ. ಮುಖದ ತುಂಬ ಆಕ್ಸಿಜನ್ ಮಾಸ್ಕು, ಕೈಗೆ ಸಲೈನು. ನೀವು ಹುಬ್ಬು ಏರಿಸಿದಿರಿ. ನೀರು ಕೇಳುತ್ತಿದ್ದೀರಿ ಅಂದುಕೊಂಡೆ. ನೀರು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು, ಅದಕ್ಕೆ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀವು ಮತ್ತೆ ಕೇಳಿದಿರಿ. ನಾನು ಮತ್ತೆ ಇಲ್ಲ ಎಂದೆ. ನಿಮ್ಮ ಕಣ್ಣು ತುಂಬಿತು. ಸಂಜೆಗೆ ನೀವಿರಲಿಲ್ಲ. ಒಂದು ಗುಟುಕು ನೀರು ಕೊಡಲಿಲ್ಲವಲ್ಲ ಎಂದು ವರ್ಷವಿಡೀ ಅತ್ತಿದ್ದೇನೆ.

ಇವತ್ತು ಇಲ್ಲಿಯ ಹಳೆಯ ನೇಯ್ಗೆಮನೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಬಂದವರಿಗೆ ತೋರಿಸಲು ಮಗ್ಗ ಚಾಲೂ ಮಾಡಿದಳು. ಅದೇ ಖಟಖಟ. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಕಂಡು, ಏನಾಯಿತು ಎನ್ನುವಂತೆ ಮಗ್ಗದ ಆಚೆಯಿಂದ ಹುಬ್ಬು ಏರಿಸಿದಳು. ನನಗೆ ತಿಳಿಯುವ ಮೊದಲೇ ನನ್ನ ತಲೆ ಆಡಿತು, ತುಟಿ ಅಲುಗಿತು: "ಆತ್ರಿ. ನಿಮ್ಮದು?"

ಆಗ ಹೊಳೆಯಿತು. ಆಸ್ಪತ್ರೆಯಲ್ಲಿಯೂ ಅದು ಮಧ್ಯಾಹ್ನದ ಹೊತ್ತು. ನೀವು ನೀರು ಕೇಳಿರಲಿಲ್ಲ.

ಮಗ್ಗದ ಮುಂದೆ ಅಲ್ಲೇ ಕೂತುಬಿಟ್ಟೆ. ರುತುಜಾ ಓಡಿಬಂದಳು. ಹೆಂಡತಿ ಉಪವಾಸ ಇದ್ದಾಳೆಂದು ತಿಳಿದುಕೊಂಡೇ ನೀವು ಹೋಗಿಬಿಟ್ಟಿರಲ್ಲ.

ರೀ, ನಾನು ಉಂಡಿದ್ದೆ. ನಿಮ್ಮ ತಂಗಿ ಮನೀಷಾ ರೊಟ್ಟಿ, ಝುಣಕ ತಂದಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು ಹೊಟ್ಟೆ ತುಂಬ ಉಂಡಿದ್ದೆ. ಕೊರಳಿನ ಲಿಂಗದಾಣೆ, ಸುಳ್ಳಲ್ಲ. ಮಗ್ಗ ನಿಲ್ಲುವವರೆಗೂ ಇದನ್ನೇ ತುಟಿಯಲ್ಲಿ ಹೇಳುತ್ತ ಕೂತಿದ್ದೆ.

ಇವತ್ತೂ ಉಂಡಿದ್ದೇನೆ. ಇನ್ನು ನಿಮ್ಮ ಡಬ್ಬಿ ಬಿಚ್ಚಿರಿ. ಇದ್ದಲ್ಲಿ ತಂಪಾಗಿರಿ.

ನಿಮ್ಮ
ಅನ್ನವ್ವ