ಕರ್ಕಮಾನಿಯ ಮೇಲೆ ಮೆತ್ತಿದ ಮಣ್ಣು

೧೨ ಡಿಸೆಂಬರ್ ೨೦೧೮, ಬುಧವಾರ. ನೂರಿ, ಸುಡಾನ್.

“ರಾಜನ ಹೆಸರಿಗೆ ಕತ್ತೆ ಲದ್ದಿ ಮೆತ್ತಿದ್ದೀರಲ್ಲ, ಖಾಲಾ!” ಆ ಮಾತು ಇನ್ನೂ ಚುಚ್ಚುತ್ತಿದೆ. ಅಂದವನು ಪುರಾತತ್ವದ ಉಸ್ತಾದ್ ತಾಜಸ್ಸಿರ್. ಅವನ ಕೈಯಲ್ಲಿ ನಮ್ಮ ಅಂಗಳದ ಗೋಡೆಯ ಹಳೇ ಫೋಟೊ; ಅದರಲ್ಲಿ ಎರಡೂವರೆ ಸಾವಿರ ವರ್ಷ ಹಿಂದಿನ ಕರ್ಕಮಾನಿ ರಾಜನ ಹೆಸರು ಕೆತ್ತಿದ ಕಲ್ಲು. ಅವನ ಕುಸಿದ ಪಿರಮಿಡ್ಡಿನದು, ನಮ್ಮ ಮಾವ ತಂದು ಗೋಡೆಗೆ ಕೂರಿಸಿದ್ದರು. ಗೋಡೆ ಅಂದಮೇಲೆ ವರ್ಷಾ ವರ್ಷ ಹಬ್ಬಕ್ಕೆ ಮುಂಚೆ ಲದ್ದಿ, ಹುಲ್ಲು ಕಲಸಿದ ಮಣ್ಣು ಮೆತ್ತಲೇಬೇಕು. ಕಲ್ಲಿನ ಮೇಲೂ ಮೆತ್ತಿದೆವು. ಹೆಸರು ಹಾಳಾಗಿದ್ದರೆ ತಪ್ಪು ನಮ್ಮದಂತೆ!

“ಪಿರಮಿಡ್ಡಿನ ಬಯಲಲ್ಲಿ ಬಿದ್ದಿರೋ ಕಲ್ಲುಗಳಲ್ಲಿ ಏನುಳಿದಿದೆ, ಉಸ್ತಾದ್?” ಅಂದೆ.

“ಮರಳುಗಾಳಿ ತಿಂದುಹಾಕಿದೆ.”

“ಹಾಗಾದ್ರೆ ಸುಮ್ನೆ ಟೀ ಕುಡೀರಿ.”

ಗೋಡೆಗೆ ನೀರು ಚಿಮುಕಿಸಿ ನೆನೆಸಿದೆ. ಐವತ್ತು ವರ್ಷದ ಮಣ್ಣು ಪದರ ಪದರವಾಗಿ ಎದ್ದು ಬಂತು. ಕೆಳಗೆ ಹೆಸರು ನಿನ್ನೆ ಕೆತ್ತಿದ ಹಾಗಿತ್ತು. ಉಸ್ತಾದ್ ಲೋಟ ಕೆಳಗಿಟ್ಟು ಎದ್ದು ನಿಂತ. ಫೋಟೊ ತೆಗೆದುಕೊಂಡು, ಅಳತೆ ಬರೆದುಕೊಂಡು, ಆಮೇಲೆ ಮೆಲ್ಲಗೆ ಕೇಳಿದ: “ಖಾಲಾ, ಮತ್ತೆ ಮೆತ್ತಿಬಿಡ್ತೀರಾ?”

“ಮೆತ್ತೋಣ. ಲದ್ದಿ ಯಾರು ತರ್ತಾರೆ?”

ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಕತ್ತೆ ಕಟ್ಟಿದ ಕಡೆಗೆ ತಾನೇ ನಡೆದ. ಎರಡೂ ಕೈ ತುಂಬ ತಂದ.